ಪದ ಪರಿಚಯ: ಡ್ರೂಯಿಡ್

ಪ್ರತಿ ವರ್ಷ ಜೂನ್ 21ರ ಹೊತ್ತಿಗೆ ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಿಂದ ಒಂದು ಫೋಟೋ ಪತ್ರಿಕೆಗಳಲ್ಲಿ ಬರುತ್ತದೆ. ಆಳೆತ್ತರಕ್ಕೂ ಮೀರಿದ ಕಲ್ಲುಗಂಬಗಳ ನಡುವೆ ಬಿಳಿ ನಿಲುವಂಗಿ ತೊಟ್ಟವರು ಸೂರ್ಯೋದಯಕ್ಕೆ ಕಾದು ನಿಂತಿರುತ್ತಾರೆ. ಕೆಳಗೆ ‘ಡ್ರೂಯಿಡ್‌ಗಳು’ ಎಂದು ಬರೆದಿರುತ್ತದೆ. ಆ ಹೆಸರಿಗೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿದ ವಯಸ್ಸು. ಆ ಕಲ್ಲುಗಳು ನಿಂತು ಸುಮಾರು ನಾಲ್ಕೂವರೆ ಸಾವಿರ ವರ್ಷ ಆಗಿದೆ. ಆ ಉಡುಪು, ಆ ವಿಧಿಗಳು ಹುಟ್ಟಿದ್ದು ಮಾತ್ರ ಕಳೆದ ಇನ್ನೂರೈವತ್ತು ವರ್ಷಗಳಲ್ಲಿ. ಮೂರೂ ಒಂದೇ ಚಿತ್ರದಲ್ಲಿ ಕಂಡಾಗ ಎಲ್ಲವೂ ಒಂದೇ ಕಾಲದ್ದು ಎಂದು ನಂಬಿಬಿಡುವುದು ಸುಲಭ. ಅದಕ್ಕೇ ಈ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೂಲದಲ್ಲಿ ಡ್ರೂಯಿಡ್ ಎಂದರೆ ಕಬ್ಬಿಣ ಯುಗದ ಕೆಲ್ಟಿಕ್ ಜನರ ಪಂಡಿತ. ಇಂದಿನ ಫ್ರಾನ್ಸ್ ಆಗಿರುವ ಗಾಲ್, ಬ್ರಿಟನ್ ಮತ್ತು ಐರ್ಲೆಂಡ್ ಈ ಮೂರೂ ಕಡೆ ಆ ಹೆಸರು ಸಿಗುತ್ತದೆ. ಪುರೋಹಿತ ಎಂದಷ್ಟೇ ಹೇಳಿದರೆ ಅರ್ಥ ಕುಗ್ಗುತ್ತದೆ. ಯಜ್ಞ, ಬಲಿಗಳನ್ನು ನಡೆಸುವವನೂ ಅವನೇ, ಹೊಲದ ಗಡಿಯ ಜಗಳದಿಂದ ಕೊಲೆಯವರೆಗೆ ತೀರ್ಪು ಕೊಡುವವನೂ ಅವನೇ, ಹುಡುಗರಿಗೆ ಪಾಠ ಹೇಳುವವನೂ, ನಕ್ಷತ್ರಗಳ ಗತಿ ಲೆಕ್ಕ ಹಾಕುವವನೂ ಅವನೇ. ಪದದ ಕೊನೆಯ ಭಾಗದಲ್ಲಿರುವುದು ಸಂಸ್ಕೃತದ ‘ವಿದ್’, ‘ವೇದ’ಗಳಲ್ಲಿರುವ ‘ತಿಳಿ’ ಎಂಬ ಧಾತುವೇ ಎಂದು ಬಹುಪಾಲು ಭಾಷಾಶಾಸ್ತ್ರಜ್ಞರು ಒಪ್ಪುತ್ತಾರೆ. ಮೊದಲ ಭಾಗದ ಬಗ್ಗೆ ಜಗ್ಗಾಟವಿದೆ. ಕೆಲವರು ಅದನ್ನು ‘ಮರ’ ಎನ್ನುತ್ತಾರೆ, ಕೆಲವರು ‘ದೃಢ’ ಎನ್ನುತ್ತಾರೆ. ಐರಿಷ್‌ನಲ್ಲಿ ಈ ಪದ ‘ದ್ರೀ’ ಎಂದು ಇಂದಿಗೂ ಉಳಿದಿದೆ, ಆದರೆ ಅರ್ಥ ಮಾಂತ್ರಿಕನ ಕಡೆಗೆ ಜಾರಿದೆ.

ಈ ಪಂಡಿತರ ಬಗ್ಗೆ ನಮಗೆ ಅತಿ ಹೆಚ್ಚು ವಿವರ ಕೊಟ್ಟವನು ಅವರ ನಾಡನ್ನೇ ಗೆದ್ದುಕೊಂಡ ಜೂಲಿಯಸ್ ಸೀಸರ್. ಕ್ರಿ.ಪೂ. 58ರಿಂದ 50ರವರೆಗೆ ಗಾಲ್‌ನಲ್ಲಿ ಯುದ್ಧ ಮಾಡಿದ ಅವನು ಆ ಯುದ್ಧದ ಬಗ್ಗೆ ತಾನೇ ಬರೆದ ಪುಸ್ತಕದ ನಡುವೆ ಡ್ರೂಯಿಡ್‌ಗಳಿಗಾಗಿ ಕೆಲವು ಪುಟ ಬಿಟ್ಟಿದ್ದಾನೆ. ಅವರು ಯುದ್ಧಕ್ಕೆ ಹೋಗಬೇಕಿಲ್ಲ, ತೆರಿಗೆ ಕಟ್ಟಬೇಕಿಲ್ಲ. ವರ್ಷಕ್ಕೊಮ್ಮೆ ಕಾರ್ನೂಟ್ ಜನರ ಸೀಮೆಯ ಒಂದು ಪವಿತ್ರ ಜಾಗದಲ್ಲಿ ಸೇರುತ್ತಾರೆ. ಎಲ್ಲ ಕಡೆಯಿಂದ ವ್ಯಾಜ್ಯ ಹೊತ್ತವರು ಅಲ್ಲಿಗೆ ಬರುತ್ತಾರೆ. ತೀರ್ಪಿಗೆ ತಲೆಬಾಗದವನಿಗೆ ಅವರು ಕೊಡುವ ಶಿಕ್ಷೆ ಬಹಿಷ್ಕಾರ: ಅವನು ಬಲಿಪೂಜೆಗೆ ಬರುವಂತಿಲ್ಲ, ಎದುರಿಗೆ ಬಂದರೆ ಜನ ದಾರಿ ಬಿಟ್ಟು ಸರಿಯುತ್ತಾರೆ, ಅವನ ಮಾತಿಗೆ ಕಿವಿಗೊಡುವುದಿಲ್ಲ, ಅವನು ನ್ಯಾಯ ಕೇಳಿದರೂ ಸಿಗುವುದಿಲ್ಲ. ಕತ್ತಿ ಹಿಡಿಯದ ಒಂದು ವರ್ಗಕ್ಕೆ ಎಷ್ಟು ಹಿಡಿತವಿತ್ತು ಎಂಬುದು ಈ ಒಂದು ವಿವರದಲ್ಲೇ ಗೊತ್ತಾಗುತ್ತದೆ.

ಇನ್ನೊಂದು ವಿವರ ನಮಗೆ ತೀರ ಪರಿಚಿತ. ಡ್ರೂಯಿಡ್ ವಿದ್ಯೆ ಕಲಿಯಲು ಕೆಲವರು ಇಪ್ಪತ್ತು ವರ್ಷ ಕೂರುತ್ತಿದ್ದರಂತೆ. ಪದ್ಯಗಳ ದೊಡ್ಡ ರಾಶಿಯನ್ನು ಬಾಯಿಪಾಠ ಮಾಡಬೇಕು, ಬರೆದುಕೊಳ್ಳುವಂತಿಲ್ಲ. ಅಕ್ಷರ ಗೊತ್ತಿಲ್ಲವೆಂದಲ್ಲ, ಲೆಕ್ಕಪತ್ರಕ್ಕೆ ಅದೇ ಜನ ಗ್ರೀಕ್ ಲಿಪಿ ಬಳಸುತ್ತಿದ್ದರು. ಬರೆದರೆ ವಿದ್ಯೆ ಸಿಕ್ಕಸಿಕ್ಕವರ ಕೈಗೆ ಹೋಗುತ್ತದೆ, ಜೊತೆಗೆ ಕಲಿಯುವವನು ಬರಹವನ್ನು ನೆಚ್ಚಿಕೊಂಡು ನೆನಪಿಗೆ ಆಲಸ್ಯ ಬರುತ್ತದೆ ಎಂದು ಸೀಸರ್ ಎರಡು ಕಾರಣ ಊಹಿಸುತ್ತಾನೆ. ವೇದಪಾಠದ ಪರಂಪರೆ ಬಲ್ಲ ನಮಗೆ ಇದರಲ್ಲಿ ಅಚ್ಚರಿಯಿಲ್ಲ. ಆದರೆ ನಮ್ಮಲ್ಲಿ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಸಾಗಿದ ಕೊಂಡಿ ಕಳಚಲಿಲ್ಲ. ಗಾಲ್‌ನಲ್ಲಿ ಕಳಚಿತು. ಒಂದೇ ಒಂದು ಡ್ರೂಯಿಡ್ ಪದ್ಯವೂ ನಮ್ಮ ಕೈಗೆ ಬಂದಿಲ್ಲ. ಮುಂದಿನ ಎರಡು ಸಾವಿರ ವರ್ಷದ ಎಲ್ಲ ಕಲ್ಪನೆ, ಎಲ್ಲ ತಪ್ಪು, ಎಲ್ಲ ಹೊಸ ಸೃಷ್ಟಿ ಈ ಖಾಲಿ ಜಾಗದಲ್ಲೇ ಬೆಳೆದದ್ದು ಎಂದು ನನ್ನ ಎಣಿಕೆ.

ಹೆಸರು, ಮುಖ ಎರಡೂ ಇರುವ ಡ್ರೂಯಿಡ್ ಗಾಲ್‌ನಲ್ಲಿ ಒಬ್ಬನೇ ಸಿಗುತ್ತಾನೆ. ಏಡುಯಿ ಎಂಬ ಬುಡಕಟ್ಟಿನ ಡಿವಿಸಿಯಾಕಸ್. ಅವನು ನೆರವು ಕೇಳಲು ರೋಮ್‌ಗೆ ಹೋಗಿದ್ದ. ಅವನು ಡ್ರೂಯಿಡ್, ಪ್ರಕೃತಿಯ ಜ್ಞಾನವೂ ಶಕುನ ನೋಡುವ ವಿದ್ಯೆಯೂ ತನಗಿದೆ ಎನ್ನುತ್ತಿದ್ದ ಎಂದು ವಾಗ್ಮಿ ಸಿಸೆರೊ ದಾಖಲಿಸಿದ್ದಾನೆ. ಇದೇ ಡಿವಿಸಿಯಾಕಸ್ ಸೀಸರ್‌ನ ಬರಹದಲ್ಲಿ ಮತ್ತೆ ಮತ್ತೆ ಬರುತ್ತಾನೆ, ಆಪ್ತ ಮಿತ್ರನಾಗಿ, ರಾಜಕಾರಣಿಯಾಗಿ. ಅವನು ಡ್ರೂಯಿಡ್ ಎಂದು ಸೀಸರ್ ಒಂದು ಸಲವೂ ಹೇಳುವುದಿಲ್ಲ. ನಮ್ಮ ಮುಖ್ಯ ಸಾಕ್ಷಿಯನ್ನು ಎಷ್ಟು ಎಚ್ಚರದಿಂದ ಓದಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಎಚ್ಚರ ಇನ್ನೂ ಹೆಚ್ಚು ಬೇಕಾಗುವುದು ನರಬಲಿಯ ವಿಷಯದಲ್ಲಿ. ಕಡ್ಡಿಗಳಿಂದ ಹೆಣೆದ ದೈತ್ಯ ಬೊಂಬೆಗಳೊಳಗೆ ಜೀವಂತ ಮನುಷ್ಯರನ್ನು ತುಂಬಿ ಬೆಂಕಿ ಹಚ್ಚುತ್ತಿದ್ದರು ಎಂದು ಸೀಸರ್ ಬರೆಯುತ್ತಾನೆ. ಗೆದ್ದವನು ಸೋತವನನ್ನು ಕ್ರೂರಿ ಎಂದು ಕರೆಯುವುದು ಹಳೆಯ ಚಾಳಿ, ಆದ್ದರಿಂದ ಇದನ್ನು ಹಾಗೆಯೇ ನುಂಗುವಂತಿಲ್ಲ. ಹಾಗೆಂದು ಎಲ್ಲವೂ ಕಟ್ಟುಕತೆ ಎನ್ನುವುದೂ ಆತುರವೇ. 1984ರಲ್ಲಿ ಇಂಗ್ಲೆಂಡಿನ ಚೆಷೈರ್‌ನ ಜೌಗು ನೆಲದಲ್ಲಿ, ಲಿಂಡೋ ಎಂಬಲ್ಲಿ, ಕೊಳೆಯದೆ ಉಳಿದಿದ್ದ ಒಬ್ಬ ಯುವಕನ ದೇಹ ಸಿಕ್ಕಿತು. ತಲೆಗೆ ಪೆಟ್ಟು, ಕುತ್ತಿಗೆಗೆ ಬಿಗಿದ ದಾರ. ಹೊಟ್ಟೆಯಲ್ಲಿ ಮಿಸಲ್‌ಟೋ ಎಂಬ ಬಂದಳಿಕೆಯ ಕೆಲವು ಪರಾಗಕಣಗಳಿದ್ದವು. ಬಲಿ ಎಂದು ಕೆಲವು ವಿದ್ವಾಂಸರು ಹೇಳಿದರೆ, ನಾಲ್ಕು ಕಣ ಪರಾಗದ ಮೇಲೆ ಅಷ್ಟು ದೊಡ್ಡ ಮಾತು ಕಟ್ಟಬಾರದು ಎಂದು ಇನ್ನು ಕೆಲವರು ಹೇಳುತ್ತಾರೆ.

ಬಂದಳಿಕೆಯ ಮಾತು ಬಂದದ್ದು ಯಾಕೆಂದರೆ, ಡ್ರೂಯಿಡ್ ಎಂದರೆ ಕಣ್ಣಿಗೆ ಕಟ್ಟುವ ಬಿಳಿ ಉಡುಪಿನ ಚಿತ್ರ ಅದರ ಜೊತೆಗೇ ಬಂದದ್ದು. ಕ್ರಿ.ಶ. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಅದನ್ನು ವರ್ಣಿಸುತ್ತಾನೆ. ಓಕ್ ಮರದ ಮೇಲೆ ಬಂದಳಿಕೆ ಬೆಳೆಯುವುದೇ ಅಪರೂಪ. ಸಿಕ್ಕಿದರೆ ಚಂದ್ರನ ಆರನೆಯ ದಿನ, ನಮ್ಮ ಲೆಕ್ಕದ ಶುಕ್ಲ ಷಷ್ಠಿಯ ಹೊತ್ತಿಗೆ, ಬಿಳಿ ಬಟ್ಟೆಯುಟ್ಟ ಡ್ರೂಯಿಡ್ ಮರ ಹತ್ತಿ ಚಿನ್ನದ ಕುಡುಗೋಲಿನಿಂದ ಅದನ್ನು ಕೊಯ್ಯುತ್ತಾನೆ. ಕೆಳಗೆ ನಿಂತವರು ಬಿಳಿ ವಸ್ತ್ರದಲ್ಲಿ ಹಿಡಿಯುತ್ತಾರೆ. ಎರಡು ಬಿಳಿ ಹೋರಿಗಳ ಬಲಿಯಾಗುತ್ತದೆ. ಮೆತ್ತನೆಯ ಚಿನ್ನದಿಂದ ಟೊಂಗೆ ಕೊಯ್ಯಲಾಗದು, ಬಹುಶಃ ಚಿನ್ನದ ಲೇಪ ಕೊಟ್ಟ ಕಂಚಿನ ಕುಡುಗೋಲು ಇದ್ದೀತು. ಏನೇ ಇರಲಿ, ಆಮೇಲೆ ಬಂದ ಚಿತ್ರಕಾರರಿಗೆಲ್ಲ ಈ ಒಂದು ಪ್ಯಾರಾ ಸಾಕಾಯಿತು.

ರೋಮನ್ನರು ಇವರನ್ನು ಸಹಿಸಲಿಲ್ಲ. ಚಕ್ರವರ್ತಿ ಟೈಬೀರಿಯಸ್, ಆಮೇಲೆ ಕ್ಲಾಡಿಯಸ್ ನಿಷೇಧ ಹೇರಿದರು. ಕ್ರಿ.ಶ. 60ರ ಸುಮಾರಿಗೆ ಸೈನ್ಯ ವೇಲ್ಸ್‌ನ ಆಂಗ್ಲ್‌ಸೀ ದ್ವೀಪಕ್ಕೆ ನುಗ್ಗಿತು. ದಡದಲ್ಲಿ ಕಪ್ಪು ಬಟ್ಟೆಯುಟ್ಟ ಹೆಂಗಸರು ಪಂಜು ಹಿಡಿದು ಓಡಾಡುತ್ತಿದ್ದರು, ಡ್ರೂಯಿಡ್‌ಗಳು ಆಕಾಶಕ್ಕೆ ಕೈಯೆತ್ತಿ ಶಪಿಸುತ್ತಿದ್ದರು, ಸೈನಿಕರು ಕೈಕಾಲು ಆಡದೆ ನಿಂತುಬಿಟ್ಟರು ಎಂದು ಇತಿಹಾಸಕಾರ ಟ್ಯಾಸಿಟಸ್ ಹೇಳುತ್ತಾನೆ. ಕೊನೆಗೆ ಗೆದ್ದವರು ಸೈನಿಕರೇ. ಅಲ್ಲಿನ ದೇವರಕಾಡುಗಳನ್ನು ಕಡಿದು ಹಾಕಲಾಯಿತು. ಅದೇ ದ್ವೀಪದಲ್ಲಿ 1942ರಲ್ಲಿ, ಎರಡನೇ ಮಹಾಯುದ್ಧಕ್ಕಾಗಿ ವಿಮಾನ ನೆಲೆ ಕಟ್ಟುವಾಗ, ಥ್ಲಿನ್ ಕೆರಿಗ್ ಬಾಖ್ ಎಂಬ ಸಣ್ಣ ಕೆರೆಯ ಕೆಸರಿನಿಂದ ಒಂದು ಕಬ್ಬಿಣದ ಸರಪಳಿ ಮೇಲೆ ಬಂತು. ಕೆಲಸಗಾರರು ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಕೆಸರಿನಲ್ಲಿ ಹೂತ ಲಾರಿಗಳನ್ನು ಎಳೆದರು. ಸರಪಳಿ ತಡೆದುಕೊಂಡಿತು. ಆಮೇಲೆ ನೋಡಿದರೆ ಅದು ಗುಲಾಮರನ್ನು ಸಾಲಾಗಿ ಕುತ್ತಿಗೆಗೆ ಬಿಗಿಯುವ ಎರಡು ಸಾವಿರ ವರ್ಷದ ಸರಪಳಿ! ಜೊತೆಗೆ ಕತ್ತಿ, ಈಟಿ, ರಥದ ಭಾಗ ಸೇರಿ ನೂರೈವತ್ತಕ್ಕೂ ಹೆಚ್ಚು ವಸ್ತುಗಳು ಸಿಕ್ಕವು. ನೀರಿನ ದೇವತೆಗಳಿಗೆ ಒಪ್ಪಿಸಿದ ಹರಕೆ ಅದೆಂದು ತಜ್ಞರು ತಿಳಿಯುತ್ತಾರೆ. ಈಗ ಅವು ಕಾರ್ಡಿಫ್‌ನ ವಸ್ತುಸಂಗ್ರಹಾಲಯದಲ್ಲಿವೆ.

ಹೀಗೆ ಮಣ್ಣಿನಿಂದ ಬಂದ ಸಾಕ್ಷಿಗಳಲ್ಲಿ ನನಗೆ ಅತಿ ಪ್ರಿಯವಾದದ್ದು 1897ರಲ್ಲಿ ಫ್ರಾನ್ಸಿನ ಕೊಲಿನ್ಯಿ ಎಂಬ ಊರಿನಲ್ಲಿ ಸಿಕ್ಕಿದ ಕಂಚಿನ ಪಂಚಾಂಗ. ಚೂರುಚೂರಾಗಿದ್ದ ಅದನ್ನು ಜೋಡಿಸಿ ಲಿಯೋನ್‌ನಲ್ಲಿ ಇಟ್ಟಿದ್ದಾರೆ. ಅಕ್ಷರ ಲ್ಯಾಟಿನ್, ಭಾಷೆ ಗಾಲ್ ಜನರದ್ದು. ಐದು ವರ್ಷದ ಚಕ್ರ, ಒಟ್ಟು 62 ಚಾಂದ್ರಮಾಸ, ಅದರಲ್ಲಿ ಎರಡು ಅಧಿಕಮಾಸ. ಪ್ರತಿ ತಿಂಗಳೂ ಎರಡು ಭಾಗ. ನಮ್ಮ ವೇದಾಂಗ ಜ್ಯೋತಿಷದ ಯುಗವೂ ಐದು ವರ್ಷದ್ದು, ಅಲ್ಲಿಯೂ 62 ಚಾಂದ್ರಮಾಸ, ಎರಡು ಅಧಿಕಮಾಸ. ಒಬ್ಬರಿಂದ ಒಬ್ಬರು ಕಲಿತರು ಎನ್ನುವುದಕ್ಕೆ ಇದು ಸಾಕ್ಷಿಯಲ್ಲ, ಸೂರ್ಯ ಚಂದ್ರರನ್ನು ಒಟ್ಟಿಗೆ ಹೊಂದಿಸಲು ಹೊರಟವರು ಯಾರೇ ಆದರೂ ಇಂಥ ಲೆಕ್ಕಕ್ಕೆ ಬರಬಹುದು. ಆ ಕಂಚಿನ ಪಂಚಾಂಗದ ಮೇಲೆ ಡ್ರೂಯಿಡ್ ಎಂಬ ಹೆಸರೂ ಇಲ್ಲ. ಆದರೂ ರೋಮನ್ ಆಳ್ವಿಕೆ ಶುರುವಾಗಿ ಇನ್ನೂರು ವರ್ಷದ ಮೇಲೂ ಯಾರೋ ಹಳೆಯ ಎಣಿಕೆಯನ್ನು ಬಲ್ಲವರಿದ್ದರು, ಅದನ್ನು ಕಂಚಿನಲ್ಲಿ ಕೆತ್ತಿಸುವಷ್ಟು ಅದು ಬೇಕಾದವರಿದ್ದರು.

ರೋಮ್ ಮುಟ್ಟದ ಐರ್ಲೆಂಡಿನಲ್ಲಿ ಡ್ರೂಯಿಡ್‌ಗಳು ಇನ್ನಷ್ಟು ಕಾಲ ಉಳಿದರು. ಕ್ರೈಸ್ತ ಧರ್ಮ ಬಂದ ಮೇಲೆ ನ್ಯಾಯದ ಕೆಲಸ ಬೇರೆಯವರಿಗೆ, ಕಾವ್ಯ ವಂಶಾವಳಿಗಳ ಕೆಲಸ ಕವಿಗಳಿಗೆ ಹೋಯಿತು. ಉಳಿದದ್ದು ಮಾಂತ್ರಿಕನ ಹೆಸರು. ಕಾಥ್‌ಬಾದ್‌ನಂಥ ಭವಿಷ್ಯ ನುಡಿಯುವ ಡ್ರೂಯಿಡ್‌ಗಳ ಕತೆಗಳನ್ನು ಬರೆದಿಟ್ಟವರು ಕ್ರೈಸ್ತ ಸನ್ಯಾಸಿಗಳು ಎಂಬುದನ್ನು ಮರೆಯಬಾರದು.

ಡ್ರೂಯಿಡ್ ಎಂಬ ಹೆಸರಿನ ಎರಡನೆಯ ಹುಟ್ಟು ಹದಿನೇಳು, ಹದಿನೆಂಟನೇ ಶತಮಾನದ್ದು. ಸ್ಟೋನ್‌ಹೆಂಜ್ ಡ್ರೂಯಿಡ್‌ಗಳ ಗುಡಿಯಿರಬಹುದು ಎಂದು ಹಳೆಯ ಅವಶೇಷಗಳ ಬಗ್ಗೆ ಬರೆಯುತ್ತಿದ್ದ ಇಂಗ್ಲಿಷ್ ವಿದ್ವಾಂಸ ಜಾನ್ ಆಬ್ರಿ ಊಹಿಸಿದ. ಅಂಥದೇ ಇನ್ನೊಬ್ಬ ವಿದ್ವಾಂಸ ವಿಲಿಯಂ ಸ್ಟೂಕ್ಲಿ 1740ರಲ್ಲಿ ಅದನ್ನೇ ಖಚಿತವೆಂಬಂತೆ ಪುಸ್ತಕ ಮಾಡಿದ. ಕಲ್ಲುಗಳ ಕಾಲ ಅಳೆಯುವ ವಿಧಾನ ಆಗ ಇರಲಿಲ್ಲ, ಆದ್ದರಿಂದ ಅವರನ್ನು ದೂರುವಂತಿಲ್ಲ. ಕಲ್ಲು ನಿಲ್ಲಿಸಿದವರಿಗೂ ಡ್ರೂಯಿಡ್‌ಗಳ ಮೊದಲ ಉಲ್ಲೇಖಕ್ಕೂ ನಡುವೆ ಎರಡು ಸಾವಿರ ವರ್ಷದ ಅಂತರವಿದೆ ಎಂದು ಈಗ ಗೊತ್ತು.

ಆದರೆ ಈ ಮರುಹುಟ್ಟಿನ ನಿಜವಾದ ಶಿಲ್ಪಿ ವೇಲ್ಸ್‌ನ ಒಬ್ಬ ಕಲ್ಲುಕುಟಿಗ. ಹೆಸರು ಎಡ್ವರ್ಡ್ ವಿಲಿಯಮ್ಸ್, ಕಾವ್ಯನಾಮ ಯೋಲೊ ಮೊರ್ಗಾನುಗ್. ವೇಲ್ಸ್‌ನ ಹಳೆಯ ಹಸ್ತಪ್ರತಿಗಳನ್ನು ಅವನಷ್ಟು ಓದಿಕೊಂಡವರು ಆಗ ವಿರಳ. ಅದೇ ಪಾಂಡಿತ್ಯದಿಂದ ಅವನು ಹಳೆಯದರಂತೆ ಕಾಣುವ ಪದ್ಯ, ವಿಧಿ, ತತ್ವಗಳನ್ನು ತಾನೇ ರಚಿಸಿ, ಇವು ಡ್ರೂಯಿಡ್‌ಗಳಿಂದ ಕಳಚದೆ ಬಂದವು ಎಂದು ಹೇಳಿದ. 1792ರ ಜೂನ್ 21ರಂದು ಲಂಡನ್ನಿನ ಪ್ರಿಮ್‌ರೋಸ್ ಗುಡ್ಡದ ಮೇಲೆ ಕಲ್ಲುಗಳ ವೃತ್ತದಲ್ಲಿ ನಿಂತು ‘ಗೋರ್ಸೆದ್’ ಎಂಬ ಕವಿಕೂಟ ನಡೆಸಿದ. 1819ರಲ್ಲಿ ಕಾರ್ಮಾರ್ಥನ್‌ನಲ್ಲಿ ನಡೆದ ಐಸ್ತೆದ್‌ವೊದ್, ಅಂದರೆ ವೆಲ್ಷ್ ಭಾಷೆಯ ಕಾವ್ಯ ಸಂಗೀತ ಸ್ಪರ್ಧೆಗೆ, ಈ ಕೂಟವನ್ನು ಜೋಡಿಸಿದ. ಅವನ ರಚನೆಗಳು ನಕಲಿ ಎಂದು ಸಾಬೀತಾದದ್ದು ಇಪ್ಪತ್ತನೇ ಶತಮಾನದಲ್ಲಿ. ಅಷ್ಟರಲ್ಲಿ ಗೋರ್ಸೆದ್ ಒಂದು ನಾಡಿನ ಗೌರವವಾಗಿ ಬೇರುಬಿಟ್ಟಿತ್ತು.

ಬೇರು ಎಷ್ಟು ಆಳ ಎಂಬುದಕ್ಕೆ 1917ರ ಐಸ್ತೆದ್‌ವೊದ್ ನೋಡಬೇಕು. ಅಂದು ಅದು ಬರ್ಕನ್‌ಹೆಡ್‌ನಲ್ಲಿ ನಡೆಯಿತು. ವಾಡಿಕೆಯಂತೆ ಗೋರ್ಸೆದ್ ಕೂಟದ ಮುಖ್ಯಸ್ಥರಾದ ಆರ್ಚ್‌ಡ್ರೂಯಿಡ್ ಗೆದ್ದ ಕವಿಯ ಗುಪ್ತನಾಮ ಕೂಗಿದರು, ಕಹಳೆ ಮೊಳಗಿತು, ಸಭೆಯಲ್ಲಿ ಯಾರೂ ಏಳಲಿಲ್ಲ. ಗೆದ್ದವನು ಹೆದ್ ವಿನ್ ಎಂಬ ಕಾವ್ಯನಾಮದ ಕುರಿಗಾಹಿ ರೈತ ಎಲಿಸ್ ಹಂಫ್ರಿ ಇವಾನ್ಸ್. ಜುಲೈ 31ರಂದು ಬೆಲ್ಜಿಯಂನ ಯುದ್ಧರಂಗದಲ್ಲಿ ಅವನು ಸತ್ತಿದ್ದ. ಕವಿ ಕೂರಬೇಕಾದ ಕೆತ್ತನೆಯ ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿದರು. ಆ ಸಭೆಯಲ್ಲಿ ಅತ್ತವರ ದುಃಖಕ್ಕೆ ವಿಧಿಯ ವಯಸ್ಸು ನೂರೋ ಎರಡು ಸಾವಿರವೋ ಎಂಬ ಪ್ರಶ್ನೆಯೇ ಇರಲಿಲ್ಲ.

ಗೋರ್ಸೆದ್ ಧರ್ಮವಲ್ಲ, ಭಾಷೆ ಸಂಸ್ಕೃತಿಯ ಗೌರವ. 2002ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗಲಿದ್ದ ರೋವನ್ ವಿಲಿಯಮ್ಸ್ ಬಿಳಿ ನಿಲುವಂಗಿ ತೊಟ್ಟು ಅದರ ಸದಸ್ಯರಾದಾಗ, ಇದು ಅನ್ಯಧರ್ಮ ಎಂದು ಗದ್ದಲವೆದ್ದದ್ದು ಈ ವ್ಯತ್ಯಾಸ ತಿಳಿಯದೆ.

ಧರ್ಮವಾಗಿ ಡ್ರೂಯಿಡ್ ಪಂಥ ಬೆಳೆದದ್ದು ಇಪ್ಪತ್ತನೇ ಶತಮಾನದಲ್ಲಿ. 1963ರಲ್ಲಿ ಅಮೆರಿಕದ ಮಿನೆಸೋಟಾದ ಕಾರ್ಲ್‌ಟನ್ ಕಾಲೇಜಿನ ವಿದ್ಯಾರ್ಥಿಗಳು ಕಡ್ಡಾಯ ಪ್ರಾರ್ಥನೆಯ ನಿಯಮ ವಿರೋಧಿಸಲು ‘ನಮ್ಮದು ಡ್ರೂಯಿಡ್ ಧರ್ಮ’ ಎಂದು ಒಂದು ಗುಂಪು ಕಟ್ಟಿದರು. ನಿಯಮ ಬಿದ್ದುಹೋಯಿತು, ಗುಂಪು ಉಳಿಯಿತು. 1964ರಲ್ಲಿ ಇಂಗ್ಲೆಂಡಿನಲ್ಲಿ ರಾಸ್ ನಿಕಲ್ಸ್ ಕಟ್ಟಿದ ಪಂಥದಲ್ಲಿ ಬಾರ್ಡ್ (ಕವಿ), ಓವೇಟ್ (ಶಕುನ ನೋಡುವವ), ಡ್ರೂಯಿಡ್ ಎಂದು ಮೂರು ಹಂತ; ಈ ಮೂರು ವರ್ಗಗಳ ಹೆಸರನ್ನು ಗ್ರೀಕ್ ಲೇಖಕ ಸ್ಟ್ರಾಬೊ ಹಿಂದೆಯೇ ಹೇಳಿದ್ದ. ಇಂದಿನ ಡ್ರೂಯಿಡ್‌ಗಳು ವರ್ಷಕ್ಕೆ ಎಂಟು ಹಬ್ಬ ಮಾಡುತ್ತಾರೆ. ಸಾವಿನ್, ಇಂಬೊಲ್ಕ್, ಬೆಲ್ಟೇನ್, ಲೂನಸಾ ಈ ನಾಲ್ಕು ಐರ್ಲೆಂಡಿನ ಹಳೆಯ ಋತುಹಬ್ಬಗಳು. ಅವಕ್ಕೆ ಎರಡು ಅಯನ, ಎರಡು ವಿಷುವಗಳನ್ನು ಸೇರಿಸಿ ಎಂಟು ಮಾಡಿದ್ದು ನಿಕಲ್ಸ್ ಮತ್ತು ಅವರ ಗೆಳೆಯ, ವಿಕ್ಕಾ ಎಂಬ ಹೊಸ ಪ್ರಕೃತಿಪೂಜಕ ಪಂಥದ ಜೆರಾಲ್ಡ್ ಗಾರ್ಡ್ನರ್ ಅವರ ಕಾಲದಲ್ಲಿ. 2010ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಚಾರಿಟಿ ಕಮಿಷನ್ ‘ದಿ ಡ್ರೂಯಿಡ್ ನೆಟ್‌ವರ್ಕ್’ ಸಂಸ್ಥೆಯನ್ನು ಧಾರ್ಮಿಕ ದತ್ತಿಯಾಗಿ ನೋಂದಾಯಿಸಿತು. 2011ರ ಜನಗಣತಿಯಲ್ಲಿ ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಧರ್ಮದ ಕಾಲಂನಲ್ಲಿ ಡ್ರೂಯಿಡ್ ಎಂದು ಬರೆಸಿದರು.

ಇವರಲ್ಲಿ ಹೆಚ್ಚಿನವರು ತಮ್ಮ ವಿಧಿಗಳು ಹೊಸವು ಎಂಬುದನ್ನು ಮುಚ್ಚಿಡುವುದಿಲ್ಲ. ಮರ, ನದಿ, ಋತುಗಳನ್ನು ಪೂಜ್ಯವೆಂದು ಕಾಣುವುದಕ್ಕೆ ಹಳೆಯ ಪರವಾನಗಿ ಬೇಕಿಲ್ಲ ಎನ್ನುತ್ತಾರೆ. ನನಗೆ ಈ ನಿಲುವು ಯೋಲೊನ ನಿಲುವಿಗಿಂತ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ಇನ್ನೊಂದು ಬಣವೂ ಇದೆ. ಕೆಲ್ಟಿಕ್ ಪುನರ್ರಚನಾವಾದಿಗಳು ಎಂದು ಕರೆದುಕೊಳ್ಳುವ ಇವರು ಐರಿಷ್, ಸ್ಕಾಟಿಷ್ ಗೇಲಿಕ್ ಭಾಷೆಗಳನ್ನು ಕಲಿಯುತ್ತಾರೆ, ಹಳೆಯ ಗ್ರಂಥ, ಉತ್ಖನನ ವರದಿ, ಹಳ್ಳಿಗಳ ಆಚರಣೆಗಳನ್ನು ಓದಿ ಆಧಾರ ಸಿಕ್ಕಷ್ಟನ್ನೇ ಇಟ್ಟುಕೊಳ್ಳಲು ನೋಡುತ್ತಾರೆ. ಇಪ್ಪತ್ತು ವರ್ಷದ ಕಲಿಕೆ ಬೇಡುತ್ತಿದ್ದ ಹೆಸರನ್ನು ಹಾಗೆ ಸುಮ್ಮನೆ ಧರಿಸಬಾರದೆಂದು ಅವರಲ್ಲಿ ಅನೇಕರು ತಮ್ಮನ್ನು ಡ್ರೂಯಿಡ್ ಎಂದು ಕರೆದುಕೊಳ್ಳುವುದಿಲ್ಲ.