ಅರಳಬೇಕೋ, ಆಳಕ್ಕಿಳಿಯಬೇಕೋ

ಅಮೆರಿಕದ ಹಲವು ರಾಜ್ಯಗಳಲ್ಲಿ ಬಿಳಿಬಾಲದ ಜಿಂಕೆಯನ್ನು ರಿವಾಲ್ವರ್‌ನಿಂದ ಬೇಟೆಯಾಡಲು ಕಾನೂನಿನ ಒಪ್ಪಿಗೆಯಿದೆ. (ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ.) ಬೇಟೆಗೆ ಹೊರಟವನಿಗೆ ಒಂದು ಹೊಣೆಯಿದೆ: ಪ್ರಾಣಿ ಗಾಯಗೊಂಡು ಗಂಟೆಗಟ್ಟಲೆ ನರಳಬಾರದು. ಗುಂಡಿನ ಆಯ್ಕೆ ಶುರುವಾಗುವುದೇ ಅಲ್ಲಿಂದ.

1955ರಲ್ಲಿ ಬಂದ .44 ಮ್ಯಾಗ್ನಮ್ ಎಂಬ ರಿವಾಲ್ವರ್ ತೋಟೆಯ 240 ಗ್ರೇನ್ ಗುಂಡು ಹದಿನೈದೂವರೆ ಗ್ರಾಂ ತೂಗುತ್ತದೆ. ಉದ್ದ ನಳಿಗೆಯಿಂದ ಸೆಕೆಂಡಿಗೆ ಸುಮಾರು 420 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಹೆಚ್ಚುಕಡಿಮೆ 1,400 ಜೂಲ್. .30-06 ರೈಫಲ್‌ನ ಹತ್ತು ಗ್ರಾಂಗೂ ಕಡಿಮೆ ತೂಕದ ಗುಂಡು ಇದರ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಹಾರುವುದರಿಂದ 3,700 ಜೂಲ್ ದಾಟುತ್ತದೆ. ಆ ವೇಗಕ್ಕೆ ಗುಂಡಿನ ಸುತ್ತಲಿನ ಮಾಂಸವೂ ಹಿಗ್ಗಿ ಹರಿದುಹೋಗುತ್ತದೆ. ರಿವಾಲ್ವರ್ ಗುಂಡಿಗೆ ಮಾಂಸ ರಬ್ಬರಿನಂತೆ ಹಿಗ್ಗಿ, ಬಹುಪಾಲು ಮತ್ತೆ ಮೊದಲಿನಂತಾಗುತ್ತದೆ. ಉಳಿಯುವುದು ಗುಂಡು ಕೊರೆದ ತೂತು ಮಾತ್ರ. ಆ ತೂತು ಎರಡೂ ಶ್ವಾಸಕೋಶಗಳನ್ನು ಹಾಯಬೇಕು.

ಹಾಲೋ ಪಾಯಿಂಟ್ ಗುಂಡಿನ ಮೂತಿಯಲ್ಲಿ ಒಂದು ಕುಳಿ ಇರುತ್ತದೆ. ಒಳಹೊಕ್ಕ ಕೂಡಲೇ ಹಸಿ ಮಾಂಸ ಕುಳಿಗೆ ನುಗ್ಗಿ ಅಂಚನ್ನು ಹೊರಕ್ಕೆ ತಳ್ಳುತ್ತದೆ. ಮೆದು ಸೀಸ ಅಣಬೆಯಂತೆ ಅರಳಿ, ಮೇಲಿನ ತಾಮ್ರದ ಹೊದಿಕೆ ಎಸಳೆಸಳಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ತೂತು ಅಗಲವಾಯಿತು, ನಿಜ. ಆದರೆ ಅರಳಿದಷ್ಟೂ ತಡೆ ಹೆಚ್ಚು, ಆಳ ಕಡಿಮೆ. ಆತ್ಮರಕ್ಷಣೆಗೆಂದು ಮಾಡಿದ ಗುಂಡು ಬೇಗ ಅರಳಿ ಬೇಗ ನಿಲ್ಲುತ್ತದೆ. ಓರೆಯಾಗಿ ನಿಂತ ಜಿಂಕೆಯ ಭುಜದ ಮೂಳೆಗೆ ಅದು ತಗುಲಿದರೆ ಎದೆಯೊಳಕ್ಕೆ ತಲುಪದೇ ಹೋಗಬಹುದು. ಹೀಗೆ ಕುಂಟುತ್ತಾ ಓಡಿ ಪೊದೆ ಸೇರುವ ಜಿಂಕೆಯ ಸಾವು ನಿಧಾನದ್ದು.

ಹಾಗಾಗಿ ಬೇಟೆಗೆ ತೂಕದ ಗುಂಡೇ ಸರಿ ಎನ್ನುತ್ತೇನೆ: ನಿಧಾನವಾಗಿ ಅರಳುವಂತೆ ಮಾಡಿದ್ದು, ಇಲ್ಲವೇ ಅರಳದೆಯೇ ತೂರಿಹೋಗುವ ಚಪ್ಪಟೆ ಮೂತಿಯ ಗಟ್ಟಿ ಸೀಸದ್ದು. ದುಂಡು ಮೂತಿ ಮಾಂಸವನ್ನು ಪಕ್ಕಕ್ಕೆ ಸರಿಸಿಕೊಂಡು ಹೋದರೆ, ಚಪ್ಪಟೆ ಮೂತಿ ಜಜ್ಜಿಕೊಂಡು ಹೋಗುತ್ತದೆ. ಆಚೆ ಬದಿಯಿಂದ ಹೊರಬಿದ್ದರೆ ರಕ್ತದ ಜಾಡು ಹಿಡಿದು ಹುಡುಕುವುದೂ ಸುಲಭ. ದೂರವನ್ನೂ ಮರೆಯಬಾರದು; ನೂರು ಗಜ ದಾಟುವಷ್ಟರಲ್ಲಿ ವೇಗದ ಐದನೇ ಒಂದು ಭಾಗ ಕರಗಿ, ಹತ್ತಿರದಲ್ಲಿ ಅರಳುತ್ತಿದ್ದ ಗುಂಡು ಅಲ್ಲಿ ಮೊಗ್ಗಾಗಿಯೇ ಉಳಿಯಬಹುದು.

ಸೀಸದ್ದು ಇನ್ನೊಂದು ತೊಡಕು. ಬೇಟೆಗಾರರು ಕಾಡಲ್ಲೇ ಬಿಟ್ಟುಹೋದ ಕರುಳಿನೊಳಗಿನ ಸೀಸದ ಚೂರುಗಳನ್ನು ತಿಂದು ಕಾಂಡೋರ್ ರಣಹದ್ದುಗಳು ಸತ್ತಿವೆ. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. ಅಲ್ಲಿ ಈಗ ತಾಮ್ರದ ಗುಂಡು ಬಳಕೆಯಲ್ಲಿದೆ. ತಾಮ್ರ ಸೀಸಕ್ಕಿಂತ ಗಟ್ಟಿ. ರಿವಾಲ್ವರ್‌ನ ವೇಗಕ್ಕೂ ಅರಳಲೆಂದು ಅದರ ಕುಳಿಯನ್ನು ಅಗಲವಾಗಿ, ಆಳವಾಗಿ ಕೊರೆದಿರುತ್ತಾರೆ.