ಒಂದು ಗುಚ್ಛ ನೋಡಲು ಹೋದರೆ ಎರಡು ಸಿಕ್ಕಿತು

ಮಾರ್ಚ್ ಶುರುವಿನಲ್ಲಿ ರಾತ್ರಿ 9ರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಮೇಲೆ ಹೊಳೆಯುವುದು ಲುಬ್ಧಕ (ಸಿರಿಯಸ್) ನಕ್ಷತ್ರ, ಕೆಳಗೆ ಅಗಸ್ತ್ಯ (ಕನೋಪಸ್). ಎರಡರ ನಡುಮಧ್ಯದಿಂದ ಎಡಕ್ಕೆ ಸರಿಯಿರಿ. ಕೈ ಚಾಚಿ ಹಿಡಿದ ಮುಷ್ಟಿಯ ಅಗಲದ ಸುಮಾರು ಒಂದೂವರೆಯಷ್ಟು ದೂರ, ಅಷ್ಟೇ. ಅಲ್ಲಿಗೆ ಬೈನಾಕ್ಯುಲರ್ ಹಿಡಿದರೆ ಕಿತ್ತಳೆ ಬಣ್ಣದ ಒಂದು ನಕ್ಷತ್ರ, ಅದರ ಸುತ್ತ ಚೆದುರಿದ ಬಿಳಿ ಚುಕ್ಕಿಗಳು ಕಾಣುತ್ತವೆ. ಇದು ಎನ್‌ಜಿಸಿ 2451, ಅಂದರೆ ಎನ್‌ಜಿಸಿ ಎಂಬ ಆಕಾಶಕಾಯಗಳ ಪಟ್ಟಿಯಲ್ಲಿ 2451ನೆಯದು. ಟೆಲಿಸ್ಕೋಪ್ ಬೇಕಾಗಿಲ್ಲ, ಸಾಧಾರಣ 7x50 ಬೈನಾಕ್ಯುಲರ್ ಧಾರಾಳ ಸಾಕು.

ಪಟ್ಟಿಗಳಲ್ಲಿ ಇದನ್ನು ಒಂದು ತೆರೆದ ನಕ್ಷತ್ರಗುಚ್ಛ ಎಂದು ಬರೆದಿದ್ದರು. ಅಂದರೆ ಅನಿಲದ ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿ, ಇನ್ನೂ ಜೊತೆ ಬಿಡದ ನಕ್ಷತ್ರಗಳ ಗುಂಪು. ಕೃತ್ತಿಕೆಯೂ ಅಂಥದ್ದೇ. ಆದರೆ 2451ರ ಲೆಕ್ಕ ಕೂಡಿ ಬರುತ್ತಿರಲಿಲ್ಲ. ಇದು ಗುಚ್ಛ ಹೌದೋ ಅಲ್ಲವೋ ಎಂದು ಅನುಮಾನಪಟ್ಟವರೂ ಇದ್ದರು.

ಆಕಾಶದಲ್ಲಿ ಅಕ್ಕಪಕ್ಕ ಕಂಡದ್ದೆಲ್ಲ ಅಕ್ಕಪಕ್ಕ ಇರಬೇಕಿಲ್ಲವಲ್ಲ! ಹಾಗಾದರೆ ಗುರುತಿಸುವುದು ಹೇಗೆ? ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಒಂದೇ ದಿಬ್ಬಣದವರನ್ನು ಗುರುತಿಸಿದ ಹಾಗೆ: ಯಾರು ಯಾರು ಒಂದೇ ಕಡೆ, ಒಂದೇ ವೇಗದಲ್ಲಿ ಹೊರಟಿದ್ದಾರೆ ನೋಡಬೇಕು. ನಕ್ಷತ್ರಗಳೂ ಚಲಿಸುತ್ತವೆ. ವರ್ಷಗಟ್ಟಲೆ ಅಳೆದರೆ ಆ ಸಣ್ಣ ಚಲನೆ ಗೊತ್ತಾಗುತ್ತದೆ. ಜೊತೆಗೆ ದೂರವೂ ಹೊಂದಬೇಕು. ಒಂದೇ ವಯಸ್ಸಿನವಾದ್ದರಿಂದ, ಬಣ್ಣ ಮತ್ತು ಹೊಳಪನ್ನು ನಕ್ಷೆ ಹಾಕಿದರೆ ಚುಕ್ಕಿಗಳು ಒಂದೇ ಗೆರೆಯ ಮೇಲೆ ಕೂರಬೇಕು. ಅಪರಿಚಿತರು ಗೆರೆಯಿಂದಾಚೆ ಬೀಳುತ್ತಾರೆ.

1990ರ ದಶಕದಲ್ಲಿ ಹೀಗೆ ವಿಂಗಡಿಸಿದಾಗ 2451ರಲ್ಲಿ ಸಿಕ್ಕಿದ್ದು ಎರಡು ಗುಚ್ಛಗಳು! ಒಂದು ಸುಮಾರು 600 ಜ್ಯೋತಿರ್ವರ್ಷ ದೂರದಲ್ಲಿ, ಇನ್ನೊಂದು ಹೆಚ್ಚುಕಡಿಮೆ ಅದರ ಎರಡರಷ್ಟು ದೂರದಲ್ಲಿ. ನಮ್ಮ ಕಣ್ಣಿಗೆ ಮಾತ್ರ ಒಂದರ ಹಿಂದೆ ಒಂದು. ಎಲ್ಲ ಸಲವೂ ಇಂಥ ಲಾಭ ಆಗುವುದಿಲ್ಲ. ಮೆಸ್ಸಿಯೆ ಎಂಬ ಖಗೋಳಜ್ಞನ ಪಟ್ಟಿಯಲ್ಲಿ ಗುಚ್ಛವೆಂದು ಸೇರಿದ್ದ ಕುಂಭ ರಾಶಿಯ ಮೆಸ್ಸಿಯೆ 73 ಇದೆಯಲ್ಲ, ಅದರ ನಾಲ್ಕು ನಕ್ಷತ್ರಗಳಿಗೆ ಪರಸ್ಪರ ಸಂಬಂಧವೇ ಇಲ್ಲ ಎಂದು 2002ರಲ್ಲಿ ಖಚಿತವಾಯಿತು.

ಬೈನಾಕ್ಯುಲರ್ ಕೆಳಗಿಡುವ ಮೊದಲು ಅದನ್ನು ಇನ್ನೊಂದು ಚೂರು ಎಡಕ್ಕೆ ತಿರುಗಿಸಿ. ಮಂಜಿನ ತುಣುಕಿನಂಥ ಮಸುಕು ಕಲೆಯೊಂದು ಕಾಣಬೇಕು. ಅದು ಎನ್‌ಜಿಸಿ 2477. ನೂರಾರು ನಕ್ಷತ್ರ ಒತ್ತಾಗಿ ತುಂಬಿರುವ ಗುಚ್ಛ, ಆದರೆ ತುಂಬಾ ದೂರ. ಅದಕ್ಕೇ ಬಿಡಿಬಿಡಿಯಾಗಿ ಕಾಣುವುದಿಲ್ಲ. ಫ್ರೆಂಚ್ ಖಗೋಳಜ್ಞ ಲಕಾಯ್ 1751-52ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ಕೂತು ಇದನ್ನು ಪತ್ತೆ ಮಾಡಿದ. ಅವನ ದೂರದರ್ಶಕದ ಮಸೂರ ಬರೀ ಅರ್ಧ ಇಂಚಿನದು! ನಿಮ್ಮ ಕೈಯಲ್ಲಿರುವ ಬೈನಾಕ್ಯುಲರ್ ಅದಕ್ಕಿಂತ ಎಷ್ಟೋ ಮೇಲು. ಊರಿನ ದೀಪಗಳಿಂದ ಸ್ವಲ್ಪ ದೂರ ಹೋದರಾಯಿತು.