ಚಿಕ್ಕ ಬಚ್ಚಲಿಗೆ ಎಂಥ ಗೀಸರ್?

ಹಳೇ ಬಚ್ಚಲನ್ನು ಒಡೆದು ಹೊಸದಾಗಿ ಕಟ್ಟಿಸುವಾಗ, ಮೈಸೂರಾಗಲಿ ಮಂಡ್ಯವಾಗಲಿ, ಮನೆಯವರೆಲ್ಲ ಕೂತು ಚರ್ಚೆ ಮಾಡುವುದು ಟೈಲ್ಸ್ ಬಣ್ಣದ ಬಗ್ಗೆ. ಗೀಸರ್ ಸರದಿ ಬಂದಾಗ ಮಾತ್ರ ‘ಚಿಕ್ಕ ಬಚ್ಚಲು ತಾನೇ, ಚಿಕ್ಕದೇ ಸಾಕು’ ಅಂತ ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್ ತಂದು ಗೋಡೆಗೆ ಹಾಕಿಸಿಬಿಡುತ್ತಾರೆ. ಆದರೆ ಬಚ್ಚಲಿನ ಅಳತೆಗೂ ಗೀಸರಿನ ಅಳತೆಗೂ ಸಂಬಂಧವೇ ಇಲ್ಲ.

5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರದ ಬಚ್ಚಲಿನಲ್ಲಿರುವ ಗಾಳಿಯ ತೂಕ ಸುಮಾರು 10 ಕಿಲೋ. ಅದನ್ನು 10 ಡಿಗ್ರಿ ಬೆಚ್ಚಗಾಗಿಸಲು 100 ಕಿಲೋಜೌಲ್ ಸಾಕು. ಅದೇ ಒಂದು ಬಕೆಟ್, ಅಂದರೆ 15 ಲೀಟರ್ ನೀರನ್ನು 20ರಿಂದ 40 ಡಿಗ್ರಿಗೆ ಏರಿಸಲು ಸುಮಾರು 1,250 ಕಿಲೋಜೌಲ್ ಬೇಕು. ಗೋಡೆ, ನೆಲ ಒಂದಿಷ್ಟು ಶಾಖ ಹೀರಿದರೂ ಬಿಸಿನೀರು ಸುರಿಯುತ್ತಿದ್ದಂತೆ ಬಚ್ಚಲು ತಾನಾಗಿ ಬೆಚ್ಚಗಾಗುತ್ತದೆ. ಧನುರ್ಮಾಸದ ಬೆಳಗಿನ ಜಾವಕ್ಕೂ ನಮ್ಮ ಕಡೆ ರೂಮ್ ಹೀಟರ್ ಬೇಕಿಲ್ಲ. ಸ್ನಾನ ಮುಗಿದ ಮೇಲೆ ನಡುಗುವುದು ಮೈಮೇಲಿನ ನೀರು ಆರುವುದರಿಂದ: ಆರುವ ಒಂದೊಂದು ಗ್ರಾಂ ನೀರೂ ಸುಮಾರು 2.4 ಕಿಲೋಜೌಲ್ ಶಾಖವನ್ನು ಎಳೆದುಕೊಳ್ಳುತ್ತದೆ, ಬಹುಪಾಲು ನಮ್ಮ ಮೈಯಿಂದಲೇ. ಬಾಗಿಲು ತೆಗೆಯುವ ಮೊದಲೇ ಒಳಗೇ ಮೈ ಒರೆಸಿಕೊಂಡರೆ ಅರ್ಧ ಚಳಿ ಹೋಯಿತು.

ನೋಡಬೇಕಾದ್ದು, ನಿಮಿಷಕ್ಕೆ ಎಷ್ಟು ಬಿಸಿನೀರು ಬೇಕು ಅನ್ನುವುದನ್ನು. 3 ಕಿಲೋವಾಟ್ ಇನ್‌ಸ್ಟಂಟ್ ಗೀಸರ್ ನೀರನ್ನು ಬಿಡದೆ 20 ಡಿಗ್ರಿ ಏರಿಸಿ ಕೊಡಬಲ್ಲದ್ದು ನಿಮಿಷಕ್ಕೆ 2 ಲೀಟರಿಗೆ ತುಸು ಹೆಚ್ಚು, ಅಷ್ಟೇ. ಬಕೆಟ್ ತುಂಬಿಸಿ ಚೊಂಬಿನಲ್ಲಿ ಹುಯ್ದುಕೊಳ್ಳುವವರಿಗೆ ಅದು ಸಾಕು. ಶವರ್ 6–8 ಲೀಟರ್ ಕೇಳುತ್ತದೆ; ಟ್ಯಾಂಕಿನ ಬಿಸಿನೀರು ಖಾಲಿಯಾದೊಡನೆ ಉಗುರುಬೆಚ್ಚಗೂ ಇಲ್ಲದ ನೀರು ತಲೆಮೇಲೆ ಬೀಳುತ್ತದೆ. ಶವರ್ ಹಾಕಿಸುವುದಾದರೆ 15 ಲೀಟರಿನ ಸ್ಟೋರೇಜ್ ಗೀಸರನ್ನೇ ಕೊಳ್ಳಿ. 60 ಡಿಗ್ರಿಗೆ ಕಾಯಿಸಿ ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ 30 ಲೀಟರ್ ಹದವಾದ ನೀರು. 2 ಕಿಲೋವಾಟಿನದಾದರೆ ಕಾಯಲು ಇಪ್ಪತ್ತು ನಿಮಿಷ, ಖರ್ಚು ಮುಕ್ಕಾಲು ಯೂನಿಟ್ ಕರೆಂಟೂ ಇಲ್ಲ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಕಾಯಿಸುವ ಸುರುಳಿಯ ಮೇಲೆ ಬಿಳಿ ಸುಣ್ಣದ ಪದರ ಕಟ್ಟುತ್ತದೆ, ಆಗಾಗ ಬಿಚ್ಚಿಸಿ ತೆಗೆಸಬೇಕು. 3 ಕಿಲೋವಾಟಿನ ಗೀಸರ್ ಎಳೆಯುವುದು 13 ಆಂಪಿಯರ್. ಹಳೇ ಮನೆಯ 6 ಆಂಪಿಯರ್ ಸಾಕೆಟ್ಟಿಗೆ ಅದು ಸಲ್ಲದು. ಬೇರೆಯೇ ಲೈನು, 16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ತಿಂಗು ಬೇಕೇ ಬೇಕು.

ಕರೆಂಟ್ ಬಿಲ್ಲಿಗೆ ಹೆದರಿ ಬಚ್ಚಲೊಳಗೇ ಗ್ಯಾಸ್ ಗೀಸರ್ ಹಾಕಿಸುವವರಿದ್ದಾರೆ. ದಯವಿಟ್ಟು ಬೇಡ. ಕಿಟಕಿ ಮುಚ್ಚಿದ ಚಿಕ್ಕ ಬಚ್ಚಲಿನಲ್ಲಿ ಬರ್ನರಿಗೆ ಬೇಕಾದಷ್ಟು ಆಮ್ಲಜನಕ ಸಿಗದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸಿಲಿಂಡರಿನ ಗ್ಯಾಸ್ ಸೋರಿದರೆ ವಾಸನೆ ಬಂದೀತು; ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ವಲ್ಪ ತಲೆಸುತ್ತು, ಸುಸ್ತು, ಆಮೇಲೆ ಬಾಗಿಲ ಚಿಲಕ ತೆಗೆಯಲೂ ಕೈಯಲ್ಲಿ ಶಕ್ತಿ ಇರುವುದಿಲ್ಲ. ಹಿಂದೆ ಎಷ್ಟೋ ಮನೆಗಳಲ್ಲಿ ಹಂಡೆ ಬಚ್ಚಲೊಳಗಿದ್ದರೂ ಒಲೆಯ ಬಾಯಿ ಗೋಡೆಯಾಚೆ ಇರುತ್ತಿತ್ತು. ಗ್ಯಾಸ್ ಗೀಸರೇ ಬೇಕೆಂದರೆ ಅದೂ ಹೊರಗಿನ ಗೋಡೆಯ ಮೇಲೆ, ಗಾಳಿಯಾಡುವ ಕಡೆಯೇ ಇರಲಿ. ಅಲ್ಲಿಂದ ಒಳಕ್ಕೆ ಬಿಸಿನೀರಿನ ಪೈಪ್ ಎಳೆಸುವ ಕೆಲಸ ಟೈಲ್ಸ್ ಅಂಟಿಸುವ ಮೊದಲೇ ಆಗಬೇಕು, ಪ್ಲಂಬರಿಗೆ ಈಗಲೇ ಹೇಳಿಡಿ.